ಪೌರುಷವೆಂದರೇನು?

ಎರಡು ವರ್ಷಗಳ ಹಿಂದೆ ನಮ್ಮ ಸಂಘದ ಪುಸ್ತಕಭಂಡಾರಕ್ಕೆ ಎರಡು ಪೆಟ್ಟಿಗೆ ಇಂಗ್ಲಿಷ್ ಕಾದಂಬರಿಗಳು ದಾನವಾಗಿ ಬಂದುವು. ಪರಲೋಕಗತರಾದ ಪ್ರಾಧ್ಯಾಪಕರೊಬ್ಬರ ಮನೆಯವರು ಅವನ್ನು ಕೊಟ್ಟರು. ಪಟ್ಟಿ ಮಾಡುವ ಕೆಲಸವು, ಬೇರೆ ಉದ್ಯೋಗವಿಲ್ಲದವನೆಂಬ ಕಾರಣದಿಂದ, ನನ್ನ ಪಾಲಿಗೆ ಬಂದಿತು. ನಾನು ಸಂಸ್ಕೃತ ಪಾಠಶಾಲೆಯಲ್ಲಿ ಓದಿದವನು; ಮೂವತ್ತು ವರ್ಷಗಳಿಗೂ ಮೇಲ್ಪಟ್ಟು ಪ್ರೌಢಶಾಲೆಯ ಮಕ್ಕಳಿಗೆ ಶಬ್ದರೂಪಗಳನ್ನು ಉರುಹೊಡೆಸಿದವನು. ಇಂಗ್ಲಿಷ್ ಕಾದಂಬರಿಯೊಡನೆ ನನಗಿದ್ದ ಪರಿಚಯವು ದೂರದ ನೆಂಟಸ್ತಿಕೆಯಂಥದು. ಆದರೂ ಪಟ್ಟಿಗೆಂದು ಬಿಚ್ಚಿದ ಪುಸ್ತಕವನ್ನು ಕೆಳಗಿಡಲಾರದೆ ಹೋದೆ. ಎರಡು ತಿಂಗಳಲ್ಲಿ ಮುಗಿಯಬೇಕಾದ ಪಟ್ಟಿಗೆ ಹದಿನಾಲ್ಕು ತಿಂಗಳು ಹಿಡಿಯಿತು. ನಮ್ಮ ಕಾರ್ಯದರ್ಶಿಗಳು ಸಹನಶೀಲರು.

ಆ ಪುಸ್ತಕಗಳಲ್ಲಿ ಹೆಚ್ಚಿನವು ದ್ವಿತೀಯ ಮಹಾಯುದ್ಧವು 1945ರಲ್ಲಿ ಮುಗಿದ ಮೇಲೆ ಹುಟ್ಟಿದವು. ಒಂದಾದ ಮೇಲೊಂದನ್ನು ಓದುತ್ತ ಹೋದಂತೆ ಅವುಗಳೊಳಗೆ ಒಂದೇ ಪ್ರಶ್ನೆಯು ಬೇರೆ ಬೇರೆ ವೇಷದಲ್ಲಿ ಸುಳಿದಾಡುತ್ತಿರುವಂತೆ ನನಗೆ ತೋರಿತು: ಗಂಡಸೆಂದರೆ ಯಾರು? ಅವನನ್ನು ಅಳೆಯುವ ಕೋಲು ಯಾವುದು? ಈ ಪ್ರಶ್ನೆಯು ಆ ದೇಶದವರದು ಮಾತ್ರವೆಂದು ಮೊದಲು ಭಾವಿಸಿದ್ದೆ. ಹಾಗಲ್ಲವೆಂದು ತಿಳಿದ ಬಗೆಯನ್ನು ಮುಂದೆ ಹೇಳುತ್ತೇನೆ.

ನಮ್ಮ ತಲೆಮಾರಿನವರಿಗೆ ಇಂಗ್ಲಿಷ್ ಗಂಡಸಿನ ಚಿತ್ರವು ದೊರೆತದ್ದು ಪಾಠದ ಪುಸ್ತಕಗಳಿಂದ. ಕಿಪ್ಲಿಂಗ್ ಕವಿಯ ‘ಇಫ್’ ಎಂಬ ಪದ್ಯವು ಅಚ್ಚಾದದ್ದು 1910ರಲ್ಲಿ. ಸ್ವರಾಜ್ಯ ಬಂದು ಎಷ್ಟೋ ವರ್ಷಗಳಾದ ಮೇಲೂ ಅದು ನಾನು ಓದಿದ ಶಾಲೆಯ ಗೋಡೆಯ ಮೇಲೆ ಚೌಕಟ್ಟಿನೊಳಗೆ ತೂಗುತ್ತಿತ್ತು. ಸರ್ವಸ್ವ ನಾಶವಾದರೂ ತುಟಿ ಬಿಚ್ಚದವನು, ಗೆಲುವು ಸೋಲುಗಳಲ್ಲಿ ಮುಖಭಾವ ಬದಲಾಗದವನು, ತಂದೆಯಿಂದ ಗಂಡಸೆಂದು ಕರೆಸಿಕೊಳ್ಳಲು ಅರ್ಹನು ಎಂಬುದು ಅದರ ತಾತ್ಪರ್ಯ. ಸ್ಥಿತಪ್ರಜ್ಞನ ಲಕ್ಷಣಕ್ಕೆ ಇದು ಬಹಳ ಹತ್ತಿರವೆಂದು ನಮ್ಮ ಗುರುಗಳೊಬ್ಬರು ಹೇಳುತ್ತಿದ್ದರು; ನಾನೂ ಮಕ್ಕಳಿಗೆ ಹಾಗೆಯೇ ಹೇಳಿದೆ. ಅದಕ್ಕೂ ಹಿಂದೆ, 1857ರಲ್ಲಿ, ಥಾಮಸ್ ಹ್ಯೂಸ್ ಬರೆದ ಟಾಮ್ ಬ್ರೌನನ ಶಾಲಾದಿನಗಳ ಕಥೆಯಲ್ಲಿ ಆಟದ ಬಯಲೇ ಗಂಡಸನ್ನು ತಯಾರಿಸುವ ಕಮ್ಮಟ. ಅಂಥ ಕಮ್ಮಟದಲ್ಲಿ ಸಿದ್ಧನಾದವನು ಹಡಗು ಹತ್ತಿ ಸಾಮ್ರಾಜ್ಯದ ಯಾವುದೋ ಮೂಲೆಯಲ್ಲಿ ಜಿಲ್ಲೆಯೊಂದನ್ನು ಆಳಬೇಕು, ಇಲ್ಲವೆ ದಂಡಿನಲ್ಲಿ ಸೇರಿ ಗುಂಡಿಗೆ ಎದೆಯೊಡ್ಡಬೇಕು. ಅವನ ಮೌನಕ್ಕೂ ನಿಗ್ರಹಕ್ಕೂ ಒಂದು ರಂಗಸ್ಥಲವಿತ್ತು.

1945ರ ಅನಂತರ ಆ ರಂಗಸ್ಥಲವು ಒಂದೊಂದು ಹಲಗೆಯಾಗಿ ಕಳಚಿಹೋಯಿತು. 1947ರಲ್ಲಿ ಭಾರತವು ಕೈಬಿಟ್ಟಿತು. 1956ರಲ್ಲಿ ಸೂಯೆಜ್ ಕಾಲುವೆಯ ಪ್ರಸಂಗದಲ್ಲಿ ಬ್ರಿಟನ್ನು ದಂಡೆತ್ತಿ ಹೋಗಿ ನಾಚಿಕೆಯಿಂದ ಹಿಂದಿರುಗಿತು. ತರುಣರನ್ನು ಕಡ್ಡಾಯವಾಗಿ ಸೈನ್ಯಕ್ಕೆ ಕರೆಯುವ ಪದ್ಧತಿಯು ಯುದ್ಧ ಮುಗಿದ ಮೇಲೂ ನಡೆದು 1960ರಲ್ಲಿ ನಿಂತಿತು. ಅದರಲ್ಲಿ ಎರಡು ವರ್ಷ ಕಳೆದ ಅನೇಕರಿಗೆ ಅದು ಶೌರ್ಯದ ಅಭ್ಯಾಸಕ್ಕಿಂತ ಬೂಟಿಗೆ ಮೆರುಗು ಹಾಕುವ ಅಭ್ಯಾಸವೇ ಆಗಿತ್ತು. ಇನ್ನೊಂದು ಕಡೆ, 1944ರ ಶಿಕ್ಷಣದ ಕಾಯಿದೆಯಿಂದ ಕೂಲಿಕಾರರ ಮಕ್ಕಳಿಗೂ ಪ್ರೌಢಶಾಲೆಯ ಬಾಗಿಲು ಶುಲ್ಕವಿಲ್ಲದೆ ತೆರೆಯಿತು. ಅಪ್ಪನ ಕಲ್ಲಿದ್ದಲ ಗಣಿಯೂ ಬೇಡ, ದೊಡ್ಡ ಮನೆತನದವರ ಪೌರುಷವೂ ತನ್ನದಲ್ಲ ಎಂಬ ಒಂದು ತರುಣವರ್ಗವು ಹೀಗೆ ಹುಟ್ಟಿಕೊಂಡಿತು. ಕಾದಂಬರಿಕಾರರೂ ಈ ವರ್ಗದಿಂದ ಬಂದರು, ನಾಯಕರೂ ಬಂದರು.

ಧನಂಜಯನು ‘ದಶರೂಪಕ’ದಲ್ಲಿ ನಾಯಕರನ್ನು ಧೀರಲಲಿತ, ಧೀರಶಾಂತ, ಧೀರೋದಾತ್ತ, ಧೀರೋದ್ಧತ ಎಂದು ನಾಲ್ಕು ಬಗೆಯಾಗಿ ವಿಂಗಡಿಸಿದ್ದಾನಷ್ಟೆ. ನಾಲ್ಕಕ್ಕೂ ಮೊದಲು ‘ಧೀರ’ ಶಬ್ದವಿರುವುದನ್ನು ವಾಚಕರು ಗಮನಿಸಬೇಕು. ಸಿಟ್ಟಿನವನಾದರೂ ವಿಲಾಸಿಯಾದರೂ ನಾಯಕನು ಧೀರನೇ. ಕಿಂಗ್‌ಸ್ಲಿ ಏಮಿಸ್ 1954ರಲ್ಲಿ ಪ್ರಕಟಿಸಿದ ‘ಲಕಿ ಜಿಮ್’ ಕಾದಂಬರಿಯ ಜಿಮ್ ಡಿಕ್ಸನ್ ಎಂಬವನನ್ನು ಇವುಗಳಲ್ಲಿ ಯಾವ ಮಣೆಯ ಮೇಲೆ ಕೂರಿಸಲೆಂದು ಒಂದು ರಾತ್ರಿಯೆಲ್ಲ ಯೋಚಿಸಿ ಕೈಬಿಟ್ಟೆ. ಅವನು ಇತಿಹಾಸದ ಕಿರಿಯ ಉಪನ್ಯಾಸಕ. ಕೆಲಸ ಉಳಿಯುವುದೋ ಹೋಗುವುದೋ ಎಂಬ ಭಯದಲ್ಲಿರುವವನು. ಹಿರಿಯ ಪ್ರಾಧ್ಯಾಪಕರ ಎದುರಿಗೆ ನಯವಾಗಿದ್ದು ಅವರ ಬೆನ್ನ ಹಿಂದೆ ಮುಖ ವಕ್ರ ಮಾಡುತ್ತಾನೆ. ಅವರ ಮನೆಗೆ ಅತಿಥಿಯಾಗಿ ಹೋಗಿ, ಕುಡಿದು ಮಲಗಿ, ಹಾಸಿಗೆಯನ್ನು ಸಿಗರೇಟಿನಿಂದ ಸುಟ್ಟು, ಬೆಳಗ್ಗೆ ಎದ್ದು ಸುಟ್ಟ ಅಂಚುಗಳನ್ನು ಬ್ಲೇಡಿನಿಂದ ಕತ್ತರಿಸುತ್ತಾನೆ. ಇದು ವಿದೂಷಕನ ಕೆಲಸವಲ್ಲವೆ? ವಿದೂಷಕನೇ ನಾಯಕನ ಮಣೆಯನ್ನೇರಿ ಕುಳಿತನೆಂದರೆ, ನಾಯಕನಾಗಿದ್ದವನು ಎಲ್ಲಿಗೋ ಹೊರಟುಹೋಗಿದ್ದಾನೆಂದು ಅರ್ಥ. 1955ರಲ್ಲಿ ವೃದ್ಧ ಸಾಹಿತಿ ಸಾಮರ್‌ಸೆಟ್ ಮಾಮ್ ಅವರು ಇಂಥ ಹೊಸ ತರುಣರನ್ನು ಬಹಳ ಕಟುವಾಗಿ ಜರಿದರು. ಅದೇ ವರ್ಷ ಅವರ ಹೆಸರಿನ ಬಹುಮಾನವು ಏಮಿಸರಿಗೆ ಸಂದಿತ್ತೆಂಬುದು ಒಂದು ವಿನೋದ. ನಾನು ಈ ಪುಸ್ತಕವನ್ನು ಓದಿ ಮನಸಾರೆ ನಕ್ಕೆ. ಆದರೆ ಒಂದು ಕೊರತೆಯನ್ನು ಹೇಳಲೇಬೇಕು. ಆತ್ಮಹತ್ಯೆಗೆ ಯತ್ನಿಸಿದಳೆಂಬ ಮರುಕದಿಂದ ಜಿಮ್ ಒಬ್ಬ ಹೆಂಗಸಿನ ಜೊತೆ ಕಟ್ಟುಬಿದ್ದಿರುತ್ತಾನೆ. ಆ ಕಟ್ಟನ್ನು ಬಿಡಿಸಲು ಗ್ರಂಥಕರ್ತರು ಅವಳ ಯತ್ನವು ನಟನೆಯಾಗಿತ್ತೆಂದು ಕಡೆಯಲ್ಲಿ ತೋರಿಸಿಬಿಡುತ್ತಾರೆ. ಇದು ಬಹಳ ಅಗ್ಗದ ಬಿಡುಗಡೆ.

ಅಂಥ ಬಿಡುಗಡೆಯನ್ನು ಕೊಡದ ಪುಸ್ತಕವು ಮೂರು ವರ್ಷಗಳ ಮೇಲೆ ಬಂದಿತು: ಜಾನ್ ಬ್ರೇನ್ ಅವರ ‘ರೂಮ್ ಅಟ್ ದಿ ಟಾಪ್’, 1957. ಇದರ ನಾಯಕ ಜೋ ಲ್ಯಾಂಪ್ಟನ್ ಕಾರ್ಖಾನೆಗಳ ಮಸಿ ಹಿಡಿದ ಊರಿನ ಬಡವರ ಮಗ. ಅವನ ತಂದೆತಾಯಿಗಳು ಯುದ್ಧದ ಬಾಂಬಿಗೆ ತುತ್ತಾದರು. ಅವನು ವಿಮಾನದಳದಲ್ಲಿದ್ದು ಜರ್ಮನರಿಗೆ ಸೆರೆ ಸಿಕ್ಕಿದವನು. ಇಲ್ಲಿ ಒಂದು ಸೂಕ್ಷ್ಮವಿದೆ. ಅವನಿಗೆ ಪ್ರತಿಸ್ಪರ್ಧಿಯಾದ ಸಿರಿವಂತರ ಮಗನೊಬ್ಬನಿದ್ದಾನೆ. ಅವನು ಸೆರೆಯಿಂದ ತಪ್ಪಿಸಿಕೊಂಡು ಬಂದು ವೀರನೆನಿಸಿದವನು. ಜೋ ಹಾಗೆ ಮಾಡಲಿಲ್ಲ. ಸೆರೆಮನೆಯಲ್ಲಿಯೇ ಕುಳಿತು ಲೆಕ್ಕಪತ್ರದ ಪರೀಕ್ಷೆಗೆ ಓದಿದ. ತಪ್ಪಿಸಿಕೊಳ್ಳುವ ಶೌರ್ಯವು ಹಿಂದಿರುಗಿದರೆ ಅನ್ನವಿರುವವರಿಗೆ ಸಲ್ಲುವ ವಿಲಾಸವೆಂದು ಅವನ ಎಣಿಕೆ. ಹಳೆಯ ಪೌರುಷದ ವಿರುದ್ಧ ಇದಕ್ಕಿಂತ ಬಲವಾದ ವಾದವನ್ನು ನಾನು ಎಲ್ಲಿಯೂ ಓದಿಲ್ಲ. ನಾನೇ ಬಡತನದಲ್ಲಿ ಓದಿದವನಾದುದರಿಂದ ಇದಕ್ಕೆ ತಲೆದೂಗಿದೆನೆಂದು ಒಪ್ಪಿಕೊಳ್ಳುತ್ತೇನೆ.

ಮುಂದೆ ಜೋ ಹೊಸ ಊರಿನ ಪುರಸಭೆಯಲ್ಲಿ ಗುಮಾಸ್ತನಾಗಿ ಸೇರುತ್ತಾನೆ. ಆಲಿಸ್ ಎಂಬ, ತನಗಿಂತ ಹಿರಿಯಳಾದ, ಮದುವೆಯಾಗಿರುವ ಹೆಂಗಸನ್ನು ಪ್ರೀತಿಸುತ್ತಾನೆ. ಸೂಸನ್ ಎಂಬ ಕಾರ್ಖಾನೆಯ ಯಜಮಾನರ ಮಗಳನ್ನು ಬಯಸುತ್ತಾನೆ. ಪ್ರೀತಿ ಬೇರೆ, ಬಯಕೆ ಬೇರೆ. ಸೂಸನ್ ಗರ್ಭಿಣಿಯಾದಾಗ ಅವಳ ತಂದೆಯು ಅಳಿಯತನವನ್ನೂ ಉದ್ಯೋಗವನ್ನೂ ಒಟ್ಟಿಗೆ ಕೊಡುತ್ತಾನೆ. ಆಲಿಸಳನ್ನು ಬಿಡಬೇಕೆಂಬುದು ಷರತ್ತು. ಜೋ ಬಿಡುತ್ತಾನೆ. ಆಲಿಸ್ ಅದೇ ರಾತ್ರಿ ಕುಡಿದು, ಒಬ್ಬಳೇ ಮೋಟಾರು ನಡೆಸಿಕೊಂಡು ಹೋಗಿ, ಅಪಘಾತದಲ್ಲಿ ನರಳಿ ಸಾಯುತ್ತಾಳೆ. ಕಥೆಯ ಕಡೆಯಲ್ಲಿ ಯಾರೂ ನಿನ್ನನ್ನು ದೂರುವುದಿಲ್ಲವೆಂದು ಅವನ ಸ್ನೇಹಿತೆಯೊಬ್ಬಳು ಸಮಾಧಾನ ಹೇಳಿದರೆ, ಆ ಸಮಾಧಾನವೇ ಅವನಿಗೆ ಸಹಿಸಲಾಗದ ಸಂಕಟವಾಗುತ್ತದೆ.

ಇಲ್ಲಿ ನನಗೆ ಶಾಕುಂತಲವು ನೆನಪಾಯಿತು. ಮೂಲಭಾರತದಲ್ಲಿ ದುಷ್ಯಂತನು ಎಲ್ಲವೂ ಗೊತ್ತಿದ್ದೇ ಶಕುಂತಲೆಯನ್ನು ಅರಿಯೆನೆನ್ನುತ್ತಾನೆ. ಕಾಳಿದಾಸನು ಇದನ್ನು ಸಹಿಸಲಾರದೆ ದೂರ್ವಾಸರ ಶಾಪವೆಂಬ ಕೊಡೆಯೊಂದನ್ನು ಅವನ ತಲೆಯ ಮೇಲೆ ಹಿಡಿದನು. ರಾಜನು ಮರೆತನು, ಆದುದರಿಂದ ದೋಷಿಯಲ್ಲ. ಬ್ರೇನ್ ತಮ್ಮ ನಾಯಕನಿಗೆ ಅಂಥ ಕೊಡೆಯನ್ನು ಹಿಡಿಯಲಿಲ್ಲ. ಮಳೆಯಲ್ಲಿ ನಿಲ್ಲಿಸಿದರು.

ನನ್ನ ವಿಚಾರವನ್ನು ಇಲ್ಲಿಯೇ ಹೇಳಿಬಿಡುವುದು ಉಚಿತ. ಹಳೆಯ ಪೌರುಷವು ಕೇಳುತ್ತಿದ್ದ ಪ್ರಶ್ನೆ, ನೀನು ಎಷ್ಟು ಪೆಟ್ಟನ್ನು ಸದ್ದಿಲ್ಲದೆ ತಿನ್ನಬಲ್ಲೆ ಎಂಬುದು. ಯುದ್ಧಾನಂತರದ ಈ ಕಾದಂಬರಿಗಳಲ್ಲಿ ಒಳ್ಳೆಯವು ಕೇಳುವ ಪ್ರಶ್ನೆ, ನೀನು ಕೊಟ್ಟ ಪೆಟ್ಟಿಗೆ ಉತ್ತರ ಹೇಳಬಲ್ಲೆಯಾ ಎಂಬುದು. ಮೊದಲನೆಯದಕ್ಕೆ ಯುದ್ಧ ಬೇಕು, ಕ್ರೀಡಾಂಗಣ ಬೇಕು, ನೋಡುವವರು ಬೇಕು. ಎರಡನೆಯದಕ್ಕೆ ಅಡಿಗೆಮನೆಯೂ ಸಾಕು. ‘ಪೌರುಷ’ವೆಂಬ ಶಬ್ದವೂ ನಮ್ಮ ಶಾಸ್ತ್ರಗಳಲ್ಲಿ ಇದಕ್ಕೆ ಅನುಕೂಲವಾಗಿಯೇ ಇದೆ. ಅಲ್ಲಿ ಪೌರುಷಕ್ಕೆ ಎದುರಾಗಿ ನಿಲ್ಲುವುದು ಸ್ತ್ರೀತ್ವವಲ್ಲ, ದೈವ. ಆದದ್ದೆಲ್ಲ ವಿಧಿಯಿಂದಾಯಿತೆನ್ನದೆ, ಇಷ್ಟು ನನ್ನಿಂದಾಯಿತೆನ್ನುವುದು ಪೌರುಷ. ಈ ಅರ್ಥದಲ್ಲಿ ಅದು ಹೆಂಗಸರಿಗೂ ಸಲ್ಲುವ ಗುಣವೆಂದು ಬೇರೆ ಹೇಳಬೇಕಾಗಿಲ್ಲ.

ಈ ಎರಡನೆಯ ಪ್ರಶ್ನೆಗೆ ಎಲ್ಲ ನಾಯಕರೂ ಉತ್ತರ ಕೊಡುವುದಿಲ್ಲ. ಅಲನ್ ಸಿಲ್ಲಿಟೋ 1958ರಲ್ಲಿ ಬರೆದ ‘ಸ್ಯಾಟರ್ಡೆ ನೈಟ್ ಅಂಡ್ ಸಂಡೆ ಮಾರ್ನಿಂಗ್’ ಕಾದಂಬರಿಯ ಆರ್ಥರ್ ಸೀಟನ್ ನಾಟಿಂಗ್‌ಹ್ಯಾಮಿನ ಬೈಸಿಕಲ್ ಕಾರ್ಖಾನೆಯಲ್ಲಿ ಲೇತ್ ಯಂತ್ರದ ಮುಂದೆ ನಿಲ್ಲುವವನು. ವಾರವೆಲ್ಲ ದುಡಿಮೆ, ಶನಿವಾರ ಕುಡಿತ. ಕಥೆ ಆರಂಭವಾಗುವುದೇ ಅವನು ಕುಡಿದು ಮೆಟ್ಟಲಿನಿಂದ ಉರುಳುವುದರಿಂದ. ತನ್ನೊಡನೆ ದುಡಿಯುವವನ ಹೆಂಡತಿಯೊಡನೆ ಅವನ ಸಂಬಂಧ. ಅವಳು ಗರ್ಭಿಣಿಯಾದಾಗ ಬಿಸಿನೀರು, ಜಿನ್ನು ಎಂದು ಅವಳು ಪಟ್ಟ ಪಾಡನ್ನು ಪಕ್ಕದಲ್ಲಿ ಕುಳಿತು ನೋಡಿಯೂ ಅವನ ಮನಸ್ಸು ಆ ಮನೆಯ ಬಾಗಿಲನ್ನು ದಾಟಿ ಹೊರಗೆ ಓಡುತ್ತದೆ. ಕಡೆಗೆ ಇಬ್ಬರು ಸೈನಿಕರು ಅವನನ್ನು ಹಿಡಿದು ಬಡಿಯುತ್ತಾರೆ. ಅವನು ಪೆಟ್ಟನ್ನು ಚೆನ್ನಾಗಿ ತಿನ್ನುತ್ತಾನೆ. ಅಷ್ಟಕ್ಕೆ ಲೆಕ್ಕ ತೀರಿತೆಂದುಕೊಳ್ಳುತ್ತಾನೆ. ಇವನ ಮಾತಿನ ಕಸುವನ್ನು ಹೊಗಳುವವರು ಬಹಳ ಮಂದಿ. ನನಗೆ ಆ ಬಿಸಿನೀರಿನ ತೊಟ್ಟಿಯೇ ಕಣ್ಣಿಗೆ ಕಟ್ಟಿ ನಿಂತಿದೆ.

ಇದಕ್ಕೆ ಪ್ರತಿಯಾಗಿ ಸ್ಟ್ಯಾನ್ ಬಾರ್‌ಸ್ಟೋ 1960ರಲ್ಲಿ ‘ಎ ಕೈಂಡ್ ಆಫ್ ಲವಿಂಗ್’ ಬರೆದರು. ವಿಕ್ ಬ್ರೌನ್ ಗಣಿಕೂಲಿಯ ಮಗ, ನಕ್ಷೆ ಬರೆಯುವ ಗುಮಾಸ್ತ. ತಾನು ಪ್ರೀತಿಸಲಾರದ ಹುಡುಗಿ ತನ್ನಿಂದ ಗರ್ಭಿಣಿಯಾದಳೆಂದು ಅವಳನ್ನು ಮದುವೆಯಾಗುತ್ತಾನೆ, ಅತ್ತೆಯ ಮನೆಯಲ್ಲಿದ್ದು ಬೇಯುತ್ತಾನೆ, ಗರ್ಭವು ಇಳಿದುಹೋಗುತ್ತದೆ, ಮನೆ ಬಿಟ್ಟು ಓಡುತ್ತಾನೆ, ಮತ್ತೆ ಬಂದು, ಪ್ರೀತಿಯಂತಿರುವ ಏನಾದರೂ ಬೆಳೆದೀತೇ ನೋಡೋಣವೆಂದು ಬಾಳಲು ತೊಡಗುತ್ತಾನೆ. ಇಷ್ಟೇ ಕಥೆ. ಇದರಲ್ಲಿ ಶೌರ್ಯವೇನೂ ಇಲ್ಲ. ಹಾಗೆ ನೋಡಿದರೆ ಸುಖವೂ ಇಲ್ಲ. ಹೊಣೆಯಿಂದಾದ ಮದುವೆಯಲ್ಲಿ ಆ ಹುಡುಗಿಗೆ ಆದ ನ್ಯಾಯವೇನೆಂದು ನನ್ನ ಮಗಳು ಕೇಳಿದಳು. ಅವಳು ಕೇಳಿದ್ದು ಸರಿ. ಉತ್ತರ ಹೇಳುವುದೆಂದರೆ ಬಾಯಿಪಾಠದ ಉತ್ತರವಲ್ಲವಷ್ಟೆ.

ಈ ಸಾಲಿನಲ್ಲಿ ನನ್ನನ್ನು ಅತ್ಯಂತ ಕಲಕಿದ ಪುಸ್ತಕವು ಡೇವಿಡ್ ಸ್ಟೋರಿ ಅವರ ‘ದಿಸ್ ಸ್ಪೋರ್ಟಿಂಗ್ ಲೈಫ್’, 1960. ಸ್ಟೋರಿಯವರು ಯಾರ್ಕ್‌ಷೈರಿನ ಗಣಿಕೂಲಿಯ ಮಗ. ಲೀಡ್ಸ್ ನಗರದ ಪರವಾಗಿ ರಗ್ಬಿ ಆಡುತ್ತ, ಅದರ ನಡುವೆ ಲಂಡನ್ನಿನ ಚಿತ್ರಕಲಾಶಾಲೆಯಲ್ಲಿ ಓದಿದವರು. ರಗ್ಬಿಯೆಂದರೆ ಮೊಟ್ಟೆಯಾಕಾರದ ಚೆಂಡನ್ನು ಹಿಡಿದು ಓಡುವವನನ್ನು ಉಳಿದವರೆಲ್ಲ ಮೈಮೇಲೆ ಬಿದ್ದು ಕೆಡಹುವ ಆಟ. ಟಾಮ್ ಬ್ರೌನನ ಶಾಲೆಯಲ್ಲಿ ಹುಟ್ಟಿ ದೊಡ್ಡಮನೆಯವರ ಮಕ್ಕಳನ್ನು ಗಂಡಸರನ್ನಾಗಿ ಮಾಡುತ್ತಿದ್ದ ಅದೇ ಆಟ ಇಲ್ಲಿ ಕೂಲಿಯವನ ಹೊಟ್ಟೆಪಾಡಾಗಿದೆ. ಆರ್ಥರ್ ಮೇಕಿನ್ ಅದನ್ನಾಡಿ ಹಣ ಗಳಿಸುತ್ತಾನೆ. ಮೊದಲ ಪುಟಗಳಲ್ಲಿಯೇ ಅವನ ಮುಂದಿನ ಹಲ್ಲುಗಳು ಮುರಿಯುತ್ತವೆ; ಅವನು ಅತ್ತ ಗಮನವಿಡದೆ ಆಡುತ್ತಾನೆ. ಕಿಪ್ಲಿಂಗರು ಕಂಡಿದ್ದರೆ ಮೆಚ್ಚುತ್ತಿದ್ದರು.

ಅವನು ಬಾಡಿಗೆಗಿರುವ ಮನೆಯೊಡತಿ ಮಿಸೆಸ್ ಹ್ಯಾಮಂಡ್ ವಿಧವೆ; ಎರಡು ಮಕ್ಕಳ ತಾಯಿ. ಗಂಡನು ಕಾರ್ಖಾನೆಯ ಅಪಘಾತದಲ್ಲಿ ಸತ್ತನು. ಅವನ ಬೂಟುಗಳನ್ನು ಅವಳು ಒಲೆಯ ಬಳಿ ಇಟ್ಟುಕೊಂಡಿದ್ದಾಳೆ. ಮೇಕಿನ್ ಅವಳಿಗೆ ಉಡುಗೊರೆ ತರುತ್ತಾನೆ, ಕಾರು ತರುತ್ತಾನೆ, ಅವಳನ್ನು ಬಲದಿಂದ ಪಡೆಯುತ್ತಾನೆ, ಒಲಿಸಿಕೊಳ್ಳಲಾರ. ಅವನಿಗೆ ಗೊತ್ತಿರುವುದು ಎದುರಾದವರನ್ನು ಕೆಡಹುವ ವಿದ್ಯೆಯೊಂದೇ. ಅವಳಿಗೆ ಬೇಕಾದದ್ದು ತನ್ನ ಗೌರವವನ್ನು ಕೆಡಹದೆ ಬಿಡುವ ಒಬ್ಬ ಮನುಷ್ಯ. ಇಬ್ಬರೂ ಒಂದೇ ಅಡಿಗೆಮನೆಯಲ್ಲಿ ವರ್ಷಗಟ್ಟಲೆ ಇದ್ದು ಒಬ್ಬರಿಗೊಬ್ಬರು ಒಂದು ಮೆತ್ತನೆಯ ಮಾತನ್ನು ಸರಿಯಾದ ಹೊತ್ತಿನಲ್ಲಿ ಆಡಲಾರದೆ ಹೋಗುತ್ತಾರೆ. ಕಡೆಗೆ ಅವಳು ಆಸ್ಪತ್ರೆಯಲ್ಲಿ ಪ್ರಜ್ಞೆಯಿಲ್ಲದೆ ಮಲಗಿರುವಾಗ ಅವನು ಪಕ್ಕದಲ್ಲಿ ಕೂರುತ್ತಾನೆ. ಆಗ ಹೇಳಲು ಅವನಲ್ಲಿ ಮಾತಿದೆ, ಕೇಳಲು ಅವಳಿಲ್ಲ. ಅವನು ದುಷ್ಟನಲ್ಲವೆಂಬುದೇ ಇಲ್ಲಿ ದುಃಖದ ವಿಷಯ. ಪೆಟ್ಟು ತಿನ್ನುವುದನ್ನು ಮಾತ್ರ ಕಲಿತವನಿಗೆ, ಮುಟ್ಟಿದಲ್ಲೆಲ್ಲ ಪೆಟ್ಟಾಗುವುದು ತಿಳಿಯುವುದೇ ಇಲ್ಲ.

ಇವೆಲ್ಲವೂ ಗಂಡಸರು ಬರೆದ ಪುಸ್ತಕಗಳು. ಮಾರ್ಗರೆಟ್ ಡ್ರಾಬಲ್ ಅವರ ‘ದಿ ಮಿಲ್‌ಸ್ಟೋನ್’ 1965ರದು. ಅದರಲ್ಲಿ ಅವಿವಾಹಿತೆಯಾದ ವಿದ್ವಾಂಸೆಯೊಬ್ಬಳು ಮಗುವನ್ನು ಹೆತ್ತು ಸಾಕುತ್ತಾಳೆ, ಮಗುವಿನ ತಂದೆಗೆ ಕೊನೆಯವರೆಗೂ ತಿಳಿಸುವುದೇ ಇಲ್ಲ. ಅವನು ಕೆಟ್ಟವನಲ್ಲ, ರೇಡಿಯೋದಲ್ಲಿ ಮಾತನಾಡುವ ಸಭ್ಯಸ್ಥ. ಕೇಳಿದ್ದರೆ ಉತ್ತರ ಹೇಳುತ್ತಿದ್ದನೋ ಏನೋ. ಕೇಳುವ ಗೋಜಿಗೆ ಅವಳು ಹೋಗಲಿಲ್ಲ. ಗಂಡಸಿನ ಬದಲಾದ ಸ್ಥಾನವನ್ನು ಇಷ್ಟು ಮೆಲುದನಿಯಲ್ಲಿ ಇನ್ನಾರೂ ಹೇಳಿದಂತೆ ಕಾಣೆ. ಇದೇ ಕಾಲದಲ್ಲಿ, 1953ರಿಂದ, ಇಯಾನ್ ಫ್ಲೆಮಿಂಗ್ ಅವರು ಜೇಮ್ಸ್ ಬಾಂಡನ ಕಥೆಗಳನ್ನು ಬರೆದು ಹಳೆಯ ರಂಗಸ್ಥಲವನ್ನು ಕಾಗದದ ಮೇಲೆ ಮತ್ತೆ ಕಟ್ಟಿದರು. ಕಳೆದುಹೋದ ಆಸ್ತಿಯ ಪತ್ರಗಳನ್ನು ಮುದುಕರು ಪೆಟ್ಟಿಗೆಯಿಂದ ತೆಗೆದು ನೋಡುವಂತೆ ಜನರು ಅವನ್ನು ಓದಿದರು. ಅದರ ಮಾತು ಸಾಕು.

ಇನ್ನು, ಹಳೆಯ ದೊಡ್ಡಮನೆಯವರ ಪಕ್ಷಪಾತಿಯೇ ಆದ ಈವ್ಲಿನ್ ವಾ ಅವರು ಏನು ಹೇಳಿದರೆಂಬುದನ್ನು ನೋಡಬೇಕು. ಹೊಸ ತರುಣರನ್ನು ಕಂಡರೆ ಅವರಿಗೆ ಆಗುತ್ತಿರಲಿಲ್ಲ. ಅವರು 1952, 1955, 1961ರಲ್ಲಿ ಮೂರು ಭಾಗವಾಗಿ ಪ್ರಕಟಿಸಿದ ಯುದ್ಧಕಥೆಗೆ ಗೈ ಕ್ರೌಚ್‌ಬ್ಯಾಕ್ ನಾಯಕ. ಪ್ರಾಚೀನವಾದ ಕ್ಯಾಥೊಲಿಕ್ ಮನೆತನದವನು, ಹೆಂಡತಿ ಬಿಟ್ಟುಹೋದವಳು, ಇಟಲಿಯಲ್ಲಿ ಶುಷ್ಕವಾಗಿ ಬಾಳುತ್ತಿದ್ದವನು. 1939ರಲ್ಲಿ ಯುದ್ಧವು ಬಂದಿತೆಂದು ಕೇಳಿ ಅವನಿಗೆ ಸಂತೋಷವೇ ಆಗುತ್ತದೆ. ಧರ್ಮಯುದ್ಧಕ್ಕೆಂದು ಹೊರಟು ಗುರಿ ಸೇರದೆ ದಾರಿಯಲ್ಲಿಯೇ ಸತ್ತ ಪ್ರಾಚೀನ ಯೋಧನೊಬ್ಬನ ಸಮಾಧಿಯ ಖಡ್ಗವನ್ನು ಮುಟ್ಟಿ ಅವನು ದಂಡಿಗೆ ಹೊರಡುತ್ತಾನೆ. ಆಮೇಲೆ ನಡೆಯುವುದೆಲ್ಲ ಭ್ರಮನಿರಸನ. ಕ್ರೀಟ್ ದ್ವೀಪದಲ್ಲಿ, ಅಶ್ವಾರೋಹಿಗಳ ರತ್ನವೆಂದು ಅವನು ನಂಬಿದ್ದ ಅಧಿಕಾರಿಯೇ ತನ್ನ ಕೈಕೆಳಗಿನವರನ್ನು ಶತ್ರುವಿಗೆ ಬಿಟ್ಟು ಓಡಿಹೋಗುತ್ತಾನೆ. ಪತ್ರಿಕೆಗಳು ವೀರನೆಂದು ಮೆರೆಸುವ ಟ್ರಿಮ್ಮರ್ ಹಿಂದೆ ಕ್ಷೌರಿಕನಾಗಿದ್ದ ಒಬ್ಬ ಹೇಡಿ.

ಕಡೆಯ ಭಾಗದಲ್ಲಿ ಗೈಯನ್ನು ಬಿಟ್ಟುಹೋಗಿದ್ದ ಹೆಂಡತಿ ವರ್ಜಿನಿಯಾ, ಟ್ರಿಮ್ಮರನಿಂದ ಗರ್ಭಿಣಿಯಾಗಿ, ದಿಕ್ಕಿಲ್ಲದೆ ಹಿಂದಿರುಗುತ್ತಾಳೆ. ಗೈ ಎಲ್ಲವನ್ನೂ ತಿಳಿದೇ ಅವಳ ಕೈ ಹಿಡಿಯುತ್ತಾನೆ. ನಿನಗೆ ಹುಚ್ಚೇ ಎಂದು ಸ್ನೇಹಿತೆಯೊಬ್ಬಳು ಕೇಳುತ್ತಾಳೆ. ಲೋಕದಲ್ಲಿ ಬೇಡದ ಮಕ್ಕಳು ಎಷ್ಟೋ ಇ��ಬಹುದು, ನನ್ನೆದುರಿಗೆ ತಂದು ನಿಲ್ಲಿಸಿರುವುದು ಈ ಒಂದನ್ನು ಎಂಬುದು ಅವನ ಉತ್ತರದ ಭಾವ. ಮುಂದೆ ಅವಳು ಶತ್ರುವಿನ ಹಾರುಬಾಂಬಿಗೆ ಬಲಿಯಾಗುತ್ತಾಳೆ. ಹೇಡಿಯ ಮಗುವು ಕ್ರೌಚ್‌ಬ್ಯಾಕ್ ವಂಶದ ಉತ್ತರಾಧಿಕಾರಿಯಾಗಿ ಉಳಿಯುತ್ತದೆ. ಯುಗೋಸ್ಲಾವಿಯಾದಲ್ಲಿ ನಿರಾಶ್ರಿತ ಯಹೂದಿ ಹೆಂಗಸೊಬ್ಬಳು ಗೈಗೆ ಹೇಳುತ್ತಾಳೆ: ಯುದ್ಧವನ್ನು ಬಯಸಿದವರು ದುಷ್ಟರಷ್ಟೇ ಅಲ್ಲ, ಕೊಂದು ಸತ್ತು ತಮ್ಮ ಗಂಡಸುತನವನ್ನು ಸ್ಥಾಪಿಸಿಕೊಳ್ಳಬಹುದೆಂದು ಒಳ್ಳೆಯವರೂ ಬಯಸಿದರೆಂದು. ತಾನೂ ಅಂಥವರಲ್ಲೊಬ್ಬನಾಗಿದ್ದೆನೆಂದು ಗೈ ಒಪ್ಪಿಕೊಳ್ಳುತ್ತಾನೆ. ಈವ್ಲಿನ್ ವಾ ಎಲ್ಲಿ, ಗಣಿಯ ಮಕ್ಕಳಾದ ಆ ತರುಣರೆಲ್ಲಿ! ವರ್ಗ, ಮತ, ರುಚಿ ಎಲ್ಲದರಲ್ಲಿಯೂ ವೈರಿಗಳಾದವರು ಒಂದೇ ತೊಟ್ಟಿಲಿನ ಮುಂದೆ ಬಂದು ನಿಂತದ್ದನ್ನು ಕಂಡು ನಾನು ಪುಸ್ತಕವನ್ನು ಮುಚ್ಚಿ ಸ್ವಲ್ಪ ಹೊತ್ತು ಅಂಗಳದಲ್ಲಿ ಓಡಾಡಿದೆ.

ಕಾಜುವೊ ಇಷಿಗುರೊ ಜಪಾನಿನಲ್ಲಿ ಹುಟ್ಟಿ ಐದನೆಯ ವಯಸ್ಸಿನಲ್ಲಿ ಇಂಗ್ಲೆಂಡಿಗೆ ಬಂದವರು. 2017ರಲ್ಲಿ ನೊಬೆಲ್ ಪಾರಿತೋಷಕ ಪಡೆದವರು. ಅವರ ‘ದಿ ರಿಮೇನ್ಸ್ ಆಫ್ ದಿ ಡೇ’ 1989ರದು. ಸ್ಟೀವನ್ಸ್ ಎಂಬ ಬಟ್ಲರನು ಅದರಲ್ಲಿ ಘನತೆಯೆಂದರೇನೆಂದು ನಿರೂಪಿಸಲು ಹೊರಡುತ್ತಾನೆ. ಅವನಪ್ಪ ಹೇಳುತ್ತಿದ್ದ ಕಥೆಯೊಂದುಂಟು: ಹಿಂದೂದೇಶದಲ್ಲಿ ಇಂಗ್ಲಿಷ್ ಬಟ್ಲರನೊಬ್ಬನು ಊಟದ ಮೇಜಿನ ಕೆಳಗೆ ಹುಲಿ ಮಲಗಿರುವುದನ್ನು ಕಂಡು, ಸದ್ದಿಲ್ಲದೆ ಯಜಮಾನನ ಅಪ್ಪಣೆ ಪಡೆದು, ಹುಲಿಯನ್ನು ಕೊಂದು, ಊಟವು ನಿಯಮಿತ ವೇಳೆಗೆ ಸಿದ್ಧವಾಗುವುದೆಂದು ತಿಳಿಸಿದನಂತೆ. ಸ್ಟೀವನ್ಸನೂ ಅಂಥವನೇ. ತಂದೆಯು ಮಹಡಿಯ ಕೋಣೆಯಲ್ಲಿ ಪ್ರಾಣ ಬಿಡುತ್ತಿರುವಾಗ ಕೆಳಗೆ ಅತಿಥಿಗಳಿಗೆ ಮದ್ಯವನ್ನು ಬಡಿಸುತ್ತಾನೆ. ಅಳುತ್ತಿರುವೆಯೇನೆಂದು ಯಜಮಾನ ಕೇಳಿದಾಗಲೇ ಅವನ ಕೆನ್ನೆ ಒದ್ದೆಯಾಗಿರುವುದು ನಮಗೆ ತಿಳಿಯುವುದು. ಕಿಪ್ಲಿಂಗರ ಪರೀಕ್ಷೆಯಲ್ಲಿ ಇವನು ಪ್ರಥಮಶ್ರೇಣಿ. ಆದರೆ ಇಬ್ಬರು ಯಹೂದಿ ಕೆಲಸದ ಹುಡುಗಿಯರನ್ನು ಅವರ ಜಾತಿಯ ಕಾರಣದಿಂದಲೇ ಹೊರಹಾಕೆಂದು ಯಜಮಾನ ಅಪ್ಪಣೆ ಕೊಟ್ಟಾಗಲೂ ಅವನ ಮುಖದಲ್ಲಿ ಗೆರೆ ಮೂಡಲಿಲ್ಲ. ಅದೇ ಮೌನ, ಅದೇ ಘನತೆ. ಒಂದು ಕಡೆ ಗುಣವಾದದ್ದು ಇನ್ನೊಂದು ಕಡೆ ಪಾಪವಾಗುವಾಗ ಅದಕ್ಕೆ ತನ್ನ ಬದಲಾವಣೆ ತಿಳಿಯುವುದೇ ಇಲ್ಲ. ಭವಭೂತಿಯ ರಾಮನು ಧೀರೋದಾತ್ತನು. ‘ಉತ್ತರರಾಮಚರಿತ’ದಲ್ಲಿ ಅವನು ಪಂಚವಟಿಗೆ ಮರಳಿ ಬಂದು ಅಳುತ್ತಾನೆ, ಮೂರ್ಛೆ ಹೋಗುತ್ತಾನೆ. ಏಕೆ? ಸೀತೆಗೆ ಪೆಟ್ಟು ಕೊಟ್ಟವನು ತಾನೆಂದು ಬಲ್ಲ. ಪಾಠಶಾಲೆಯಲ್ಲಿ ಈ ನಾಟಕವನ್ನು ನಾನು ಎಷ್ಟು ಸಲ ಓದಿಲ್ಲ! ರಾಮನು ಅಳುವುದು ಕರುಣರಸಕ್ಕೆ ಉದಾಹರಣೆಯೆಂದು ಕಲಿತೆ; ಅಷ್ಟಕ್ಕೆ ಬಿಟ್ಟೆ.

ಪ್ಯಾಟ್ ಬಾರ್ಕರ್ ಅವರ ‘ರೀಜನರೇಷನ್’ 1991ರಲ್ಲಿ ಬಂದಿತು. ಅದು ಮೊದಲನೆಯ ಮಹಾಯುದ್ಧದಲ್ಲಿ ಮನಸ್ಸು ಮುರಿದ ಅಧಿಕಾರಿಗಳ ಆಸ್ಪತ್ರೆಯ ಕಥೆ. ಭಯವನ್ನೂ ದುಃಖವನ್ನೂ ನುಂಗಬೇಕೆಂದು ಬಾಲ್ಯದಿಂದ ಕಲಿತವರೇ ಅಲ್ಲಿನ ರೋಗಿಗಳು. ಅವನ್ನು ಬಾಯಿಬಿಟ್ಟು ಹೇಳೆನ್ನುವುದೇ ವೈದ್ಯ ರಿವರ್ಸ್ ಅವರ ಚಿಕಿತ್ಸೆ. ಈ ರಿವರ್ಸ್ ಕಲ್ಪಿತ ವ್ಯಕ್ತಿಯಲ್ಲ. ಯುದ್ಧಕ್ಕೆ ಮೊದಲು ನಮ್ಮ ನೆರೆಯ ನೀಲಗಿರಿಗೆ ಬಂದು ತೊದವರ ಬಾಳನ್ನು ಪರಿಶೀಲಿಸಿ 1906ರಲ್ಲಿ ದೊಡ್ಡ ಗ್ರಂಥವನ್ನು ಬರೆದವರು. ಗುಂಡ್ಲುಪೇಟೆಯ ದಾರಿಯಲ್ಲಿ ಉದಕಮಂಡಲಕ್ಕೆ ನಾಲ್ಕೈದು ಸಲ ಹೋಗಿಬಂದಿದ್ದೇನೆ, ಇದು ಗೊತ್ತಿರಲಿಲ್ಲ.

ಕಡೆಯದಾಗಿ, ಪಟ್ಟಿಯಲ್ಲಿಯೂ ಕಡೆಯದಾಗಿ, ನನ್ನ ಕೈಗೆ ಬಂದದ್ದು ಬ್ಯಾರಿ ಹೈನ್ಸ್ ಅವರ ‘ಎ ಕೆಸ್ಟ್ರೆಲ್ ಫರ್ ಎ ನೇವ್’. 1968ರ ಸಣ್ಣ ಪುಸ್ತಕ. ಹೈನ್ಸ್ ಸ್ವತಃ ವ್ಯಾಯಾಮದ ಉಪಾಧ್ಯಾಯರಾಗಿದ್ದವರು. ಗಣಿಯೂರಿನ ಬಿಲ್ಲಿ ಕ್ಯಾಸ್ಪರ್ ಎಂಬ ಬಡಹುಡುಗನು ಒಂದು ಸಣ್ಣ ಡೇಗೆಯನ್ನು ಹಿಡಿದು ಪಳಗಿಸುತ್ತಾನೆ. ಅಣ್ಣನಿಗೆ ಮುಷ್ಟಿಯೇ ಮಾತು. ವ್ಯಾಯಾಮದ ಉಪಾಧ್ಯಾಯರಿಗೆ ಆ ಹುಡುಗನನ್ನು ಚಳಿಯಲ್ಲಿ ತಣ್ಣೀರಿನ ಕೆಳಗೆ ನಿಲ್ಲಿಸುವುದೇ ಶಿಕ್ಷಣ. ಹೆಡ್‌ಮಾಸ್ಟರರ ಕೋಣೆಯ ಮುಂದೆ ಕೆಲವು ಹುಡುಗರು ಬೆತ್ತದೇಟಿಗಾಗಿ ನಿಂತಿರುತ್ತಾರೆ. ಯಾರೋ ಉಪಾಧ್ಯಾಯರ ಸಂದೇಶವನ್ನು ತಂದ ಪುಟ್ಟ ಹುಡುಗನೊಬ್ಬನೂ ಅವರ ನಡುವೆ ಸಿಕ್ಕಿಬೀಳುತ್ತಾನೆ. ದೊಡ್ಡವರು ತಮ್ಮ ಸಿಗರೇಟುಗಳನ್ನು ಅವನ ಜೇಬಿಗೆ ತುರುಕುತ್ತಾರೆ. ಅವನು ಹೇಳಹೋದದ್ದನ್ನು ಹೆಡ್‌ಮಾಸ್ಟರರು ಕೇಳುವುದೇ ಇಲ್ಲ. ಎಲ್ಲರೊಡನೆ ಅವನಿಗೂ ಬೀಳುತ್ತದೆ. ಹೊಡೆಯುವ ಮುಂಚೆ ಅವರು ಭಾಷಣ ಮಾಡುತ್ತಾರೆ. ಹಿಂದಿನ ಕಾಲದ ಹುಡುಗರು ಬೆತ್ತದಿಂದ ಗಟ್ಟಿಗರಾದರು, ಈಗ ದೊಡ್ಡವರಾಗಿ ಬೀದಿಯಲ್ಲಿ ಎದುರಾದರೆ ಆ ಏಟುಗಳನ್ನು ನೆನೆದು ತಮ್ಮೊಡನೆ ನಗುತ್ತಾರೆ ಎಂಬುದು ಅದರ ಸಾರ.

ಆ ಪುಟದಲ್ಲಿ ನಾನು ಕನ್ನಡಕವನ್ನು ತೆಗೆದಿಟ್ಟೆ. ಆ ಭಾಷಣವನ್ನು ನಾನೇ ಎಷ್ಟೋ ಸಲ ಮಾಡಿದ್ದೇನೆ. ಇಂಗ್ಲೆಂಡಿನ ಸರಕಾರಿ ಶಾಲೆಗಳಲ್ಲಿ ಬೆತ್ತವು ನಿಂತದ್ದು 1987ರಲ್ಲಿ. ನಮ್ಮಲ್ಲಿ 2009ರ ಕಾಯಿದೆ ಅದನ್ನು ನಿಷೇಧಿಸಿತು. ನಾನು ಬೆತ್ತವನ್ನು ಕೆಳಗಿಟ್ಟದ್ದು ಕಾಯಿದೆಯ ಭಯದಿಂದ, ವಿವೇಕದಿಂದಲ್ಲ. ಗೀತೆಯ ಎರಡನೆಯ ಅಧ್ಯಾಯದ ಮೊದಲಲ್ಲಿ ಕಣ್ಣೀರು ತುಂಬಿದ ಅರ್ಜುನನನ್ನು ಕೃಷ್ಣನು ಕ್ಲೈಬ್ಯಕ್ಕೆ ಎಡೆಗೊಡಬೇಡವೆಂದು ಗದರುತ್ತಾನೆ. ಅಳುವ ಹುಡುಗರಿಗೆ ಆ ಶ್ಲೋಕವನ್ನು ಹೇಳುವುದು ನನ್ನ ವಾಡಿಕೆಯಾಗಿತ್ತು. ಕೃಷ್ಣನು ಗದರಿ ಸುಮ್ಮನಾಗಲಿಲ್ಲ, ಹದಿನೇಳು ಅಧ್ಯಾಯಗಳ ಉದ್ದಕ್ಕೂ ನಿಂತು ಅವನ ಒಂದೊಂದು ಪ್ರಶ್ನೆಗೂ ಉತ್ತರ ಹೇಳಿದನೆಂಬುದು ನನಗೆ ಆಗ ಹೊಳೆಯಲಿಲ್ಲ.

ಸುಮಾರು ಮೂವತ್ತು ವರ್ಷಗಳ ಹಿಂದಿನ ಮಾತು. ಎಂಟನೆಯ ತರಗತಿಯ ಇಬ್ಬರು ಹುಡುಗರು ತಡವಾಗಿ ಬಂದರು. ಇಬ್ಬರಿಗೂ ಐದೈದು ಏಟು ಕೊಟ್ಟೆ. ಒಬ್ಬನು ಅತ್ತನು. ಇನ್ನೊಬ್ಬನು ಅಂಗೈ ಊದಿಕೊಂಡರೂ ನನ್ನ ಮುಖವನ್ನೇ ನೋಡುತ್ತ ನಿಂತನು. “ನೋಡಿ, ಇವನು ಗಂಡು” ಎಂದು ಇಡೀ ತರಗತಿಗೆ ಅವನನ್ನು ತೋರಿಸಿದೆ. ಅತ್ತವನು ಆಮೇಲೆ ಶಾಲೆಯನ್ನು ಬಿಟ್ಟ. ಏಕೆ ಬಿಟ್ಟನೆಂದು ನಾನು ವಿಚಾರಿಸಲಿಲ್ಲ.

ಹೋದ ತಿಂಗಳು, ಆ ಇನ್ನೊಬ್ಬನು ನಮ್ಮ ಮನೆಗೆ ಬಂದನು. ಹೊಲಮನೆ ಮಾಡಿಕೊಂಡು ಚೆನ್ನಾಗಿದ್ದಾನೆ. ಜೊತೆಯಲ್ಲಿ ಏಳೆಂಟು ವರ್ಷದ ಮಗನಿದ್ದನು. ನಮಸ್ಕಾರ ಮಾಡಿ, ನಗುನಗುತ್ತ ಆ ದಿನದ ಐದು ಏಟುಗಳನ್ನು ನೆನಪಿಸಿದನು. ಪುಸ್ತಕದ ಹೆಡ್‌ಮಾಸ್ಟರರು ಹೇಳಿದ್ದಂತೆಯೇ ಆಯಿತು. “ಇವನದು ಬರೀ ಅಳು, ಸಾರ್. ಮುಟ್ಟಿದರೆ ಅಳುತ್ತಾನೆ. ನೀವು ನನಗೆ ಮಾಡಿದ ಹಾಗೆಯೇ ನಾನೂ ಮಾಡುತ್ತಿದ್ದೇನೆ. ನಮ್ಮ ಮೇಷ್ಟ್ರು ಏನು ಹೇಳಿದ್ದರು ಅಂತಲೂ ಹೇಳಿದ್ದೇನೆ” ಎಂದನು. ಅವನ ಮಾತಿನಲ್ಲಿ ನನ್ನ ಮೇಲಿನ ಗೌರವವಲ್ಲದೆ ಬೇರೇನೂ ಇರಲಿಲ್ಲ. ನಾನು ಮಗುವಿಗೆ ಬಾಳೆಹಣ್ಣನ್ನು ಕೊಡಹೋದೆ. ಅದು ಕೈಯನ್ನು ಬೆನ್ನ ಹಿಂದಿಟ್ಟುಕೊಂಡು ಅಪ್ಪನ ಮುಖವನ್ನು ನೋಡಿತು. ಆಮೇಲೆ ನನ್ನ ಕೈಯನ್ನು ನೋಡಿತು.

ಏನು ಹೇಳಬೇಕಾಗಿತ್ತೆಂಬುದು ನನಗೆ ಗೊತ್ತಿತ್ತು. ಹದಿನಾಲ್ಕು ತಿಂಗಳಿಂದ ಅದನ್ನೇ ಓದುತ್ತಿದ್ದೆನಷ್ಟೆ. ನಾನು ಹೇಳಿದ್ದು, “ಕಾಫಿ ಕುಡಿದು ಹೋಗಪ್ಪ” ಎಂದು ಮಾತ್ರ. ಕುಡಿದು ಹೋದರು.

ಅವನ ಊರು ನಮ್ಮಲ್ಲಿಂದ ಹನ್ನೆರಡು ಮೈಲಿ. ಬಸ್ಸು ಬೆಳಗ್ಗೆ ಒಂದು, ಸಂಜೆ ಒಂದು. ಈ ಲೇಖನವು ಅಚ್ಚಾಗಿ ಅವನ ಕೈಗೆ ಸಿಕ್ಕುವ ಮೊದಲು ಹೋಗಿಬರಬೇಕೆಂದಿದ್ದೇನೆ. ಅತ್ತವನ ಮನೆ ಎಲ್ಲಿದೆಯೆಂದು ಅವನನ್ನೇ ಕೇಳಬೇಕು.